ಕೂಲಿ ಲೆಕ್ಕಕ್ಕೆ ಸಿಗದ ಬೆಲೆ

2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಕಾಸರಗೋಡಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂತ್ರಸ್ತರಿಗೆ ಮೂರು ತಿಂಗಳ ಒಳಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿತು. ಮೂರು ತಿಂಗಳು ಹೋಗಿ ವರ್ಷಗಳೇ ಉರುಳಿದವು. 2022ರಲ್ಲಿ ಕೋರ್ಟ್ ಮತ್ತೆ ಗದರಿದ ಮೇಲೆಯೇ ಹೆಚ್ಚಿನವರ ಕೈಗೆ ಹಣ ಬಂತು. ಆ ಹಣ ನ್ಯಾಯವಾಗಿ ಬರಬೇಕಾದದ್ದೇ. ಆದರೆ ಎಣ್ಮಕಜೆಯಲ್ಲೋ ಬೆಳ್ಳೂರಿನಲ್ಲೋ, ಮಲಗಿದಲ್ಲೇ ಇರುವ ಮಗನನ್ನು ಇಪ್ಪತ್ತು ವರ್ಷ ಎತ್ತಿ ಇಳಿಸಿ ನೋಡಿಕೊಂಡ ತಾಯಿಯ ಹತ್ತಿರ ಹೋಗಿ "ನಿಮ್ಮ ಮಗನ ಬೆಲೆ 5 ಲಕ್ಷ" ಅಂದರೆ ಪೊರಕೆ ಹಿಡಿದುಕೊಂಡೇ ಬಂದಾಳು. ಪರಿಹಾರ ಬೇರೆ, ಬೆಲೆ ಬೇರೆ ಅಂತ ಅವಳಿಗೆ ಯಾರೂ ಪಾಠ ಮಾಡಬೇಕಿಲ್ಲ.

ಹಾಗಾದರೆ ಆ ಬೆಲೆ ಬರುವುದು ಎಲ್ಲಿಂದ? ಆ ಮಗ ಶಾಲೆಗೆ ಹೋಗಲಿಲ್ಲ. ಗಲ್ಫಿಗೆ ಹೋಗಿ ದುಡ್ಡು ಕಳಿಸುವವನಲ್ಲ. ಮಾತೂ ಇಲ್ಲ. ತಾಯಿಗೆ ಅವನು ಬೇಕು, ಸರಿ. ತಾಯಿ ಇಲ್ಲದ ದಿನ ಅವನ ಬೆಲೆ ಏನಾಗುತ್ತದೆ? ಮನುಷ್ಯನ ಬೆಲೆಯ ಬಗ್ಗೆ ಯಾರು ಏನೇ ಹೇಳಲಿ, ಈ ಮಂಚದ ಪಕ್ಕ ನಿಂತು ಹೇಳಲು ಆಗಬೇಕು ಅಂತ ನನ್ನ ಲೆಕ್ಕ. ಕ್ರೈಸ್ತ ನಂಬಿಕೆ ಏನು ಹೇಳುತ್ತದೆ ಎಂದು ಇಲ್ಲಿ ಬಿಡಿಸಿ ನೋಡೋಣ. ನಾನು ಇಗರ್ಜಿಗೆ ಹೋಗುವವನು. ಹಾಗಾಗಿ ಪೂರ್ತಿ ತಟಸ್ಥ ಅಂತ ಸುಳ್ಳು ಹೇಳುವುದಿಲ್ಲ.

ಬೈಬಲಿನ ಮೊದಲ ಪುಸ್ತಕ ಆದಿಕಾಂಡ. ಅದರ ಮೊದಲ ಅಧ್ಯಾಯದ 27ನೇ ವಚನದಲ್ಲಿ, ದೇವರು ಮನುಷ್ಯರನ್ನು ತನ್ನದೇ ಸ್ವರೂಪದಲ್ಲಿ, ಗಂಡು ಹೆಣ್ಣಾಗಿ ಸೃಷ್ಟಿಸಿದ ಎಂಬ ಮಾತು ಬರುತ್ತದೆ. ಇವತ್ತು ಕೇಳಿದರೆ ಪ್ರವಚನದಲ್ಲಿ ಸವೆದುಹೋದ ಮಾತು. ಬರೆದ ಕಾಲಕ್ಕೆ ಹಾಗಿರಲಿಲ್ಲ. ಈಜಿಪ್ಟಿನಲ್ಲಿ, ಮೆಸೊಪೊಟೇಮಿಯಾದಲ್ಲಿ ದೇವರ ಪ್ರತಿರೂಪ ಅಂತ ಕರೆಸಿಕೊಳ್ಳುತ್ತಿದ್ದವನು ರಾಜ. ಆದಿಕಾಂಡ ಆ ಬಿರುದನ್ನು ಅರಮನೆಯಿಂದ ಹೊರಗೆ ತಂದು ಸಿಕ್ಕಸಿಕ್ಕವರಿಗೆಲ್ಲ ಹಂಚಿಬಿಟ್ಟಿತು. ಕುರಿ ಕಾಯುವವನಿಗೂ ಅದೇ, ನೀರು ಸೇದುವವಳಿಗೂ ಅದೇ.

ಸರಿ, ಈ 'ಸ್ವರೂಪ' ಅಂದರೆ ನಿಜವಾಗಿ ಏನು? ದೇವರಿಗೆ ಕೈಕಾಲು ಇದೆ ಅಂತ ಇದರ ಅರ್ಥವಲ್ಲ. ಇಲ್ಲಿಂದ ಮುಂದೆ ದೈವಶಾಸ್ತ್ರಜ್ಞರು ಶತಮಾನಗಟ್ಟಲೆ ಜಗಳ ಆಡಿದ್ದಾರೆ. ಅಗಸ್ಟೀನ್, ತೋಮಸ್ ಅಕ್ವೈನಸ್ ಮೊದಲಾದವರು ಬುದ್ಧಿಯ ಕಡೆ ಬೆರಳು ತೋರಿಸಿದರು. ಯೋಚಿಸುವ, ದೇವರನ್ನು ಅರಿಯುವ ಶಕ್ತಿಯೇ ಆ ಸ್ವರೂಪ ಅಂದರು. ಇನ್ನು ಕೆಲವರು, ಅದೇ ಅಧ್ಯಾಯದಲ್ಲಿ ಭೂಮಿಯನ್ನು ನೋಡಿಕೊಳ್ಳುವ ಹೊಣೆ ಮನುಷ್ಯನಿಗೆ ಬಂತಲ್ಲ, ಆ ಹೊಣೆಯೇ ಸ್ವರೂಪ ಅಂದರು. 20ನೇ ಶತಮಾನದಲ್ಲಿ ಸ್ವಿಟ್ಜರ್‌ಲೆಂಡಿನ ಕಾರ್ಲ್ ಬಾರ್ತ್ ಬೇರೆ ದಾರಿ ಹಿಡಿದ. ಅದು ಮನುಷ್ಯನ ಒಳಗೆ ಇರುವ ಒಂದು ಗುಣವೇ ಅಲ್ಲ, ಸಂಬಂಧ. ದೇವರು 'ನೀನು' ಎಂದು ಮಾತಾಡಿಸುವುದರಿಂದ ಮನುಷ್ಯ ಮನುಷ್ಯನಾಗುತ್ತಾನೆ ಎಂದ.

ಮೊದಲಿನ ಎರಡು ಉತ್ತರಗಳನ್ನು ಮಂಚದ ಪಕ್ಕಕ್ಕೆ ತಂದು ನೋಡಿ. ಬುದ್ಧಿಯೇ ಸ್ವರೂಪವಾದರೆ ಮಾತು ಬಾರದ, ಬುದ್ಧಿ ಬೆಳೆಯದ ಹುಡುಗನಲ್ಲಿ ದೇವರ ಸ್ವರೂಪ ಕಡಿಮೆಯೇ? ಅಕ್ವೈನಸ್‌ಗೆ ಅನ್ಯಾಯ ಮಾಡಬಾರದು. ಆ ಯೋಗ್ಯತೆ ಮನುಷ್ಯ ಸ್ವಭಾವದಲ್ಲೇ ಎಲ್ಲರಿಗೂ ಇದೆ, ಅದು ಕೆಲಸ ಮಾಡುತ್ತಿರಲಿ ಬಿಡಲಿ ಅಂತ ಅವನೇ ಹೇಳಿದ್ದಾನೆ. ಆದರೂ ನನಗೆ ಬಾರ್ತ್‌ನ ದಾರಿಯೇ ಗಟ್ಟಿ ಅನಿಸುತ್ತದೆ. ಮಾತಾಡಿಸುವವನು ದೇವರು. ಹುಡುಗ ತಿರುಗಿ ಉತ್ತರ ಕೊಡಲಿಲ್ಲ ಅಂತ ಆ ಮಾತು ರದ್ದಾಗುವುದಿಲ್ಲ.

ಇಲ್ಲೊಂದು ತಕರಾರು ಬಂದೇ ಬರುತ್ತದೆ. "ನೀವು ಕ್ರೈಸ್ತರು ಬಾಯಿ ತೆಗೆದರೆ ಪಾಪಿ, ಪಾಪಿ ಅಂತೀರಿ. ಮತ್ತೆ ಬೆಲೆ ಎಲ್ಲಿಂದ ಬಂತು?" ನ್ಯಾಯವಾದ ಪ್ರಶ್ನೆ. ಕೆಲವು ಪ್ರಸಂಗಗಳನ್ನು ಕೇಳಿದರೆ ಮನುಷ್ಯ ಅಂದರೆ ಕಸ ಅನ್ನುವ ಹಾಗೆಯೇ ಇರುತ್ತದೆ. ಆದರೆ ಬೈಬಲ್ ಹಾಗೆ ಹೇಳುವುದಿಲ್ಲ. ಆದಾಮ ತಪ್ಪು ಮಾಡಿ, ಜಲಪ್ರಳಯವೂ ಮುಗಿದ ಮೇಲೆ, ಆದಿಕಾಂಡದ 9ನೇ ಅಧ್ಯಾಯದಲ್ಲಿ ಕೊಲೆ ಯಾಕೆ ಕೂಡದು ಅನ್ನುವುದಕ್ಕೆ ಕೊಡುವ ಕಾರಣ ಮತ್ತೆ ಅದೇ: ಮನುಷ್ಯ ದೇವರ ಸ್ವರೂಪ. ಅಂದರೆ ಸ್ವರೂಪ ಕೆಟ್ಟಿರಬಹುದು, ಅಳಿಸಿಹೋಗಿಲ್ಲ. 4ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಅಥನೇಶಿಯಸ್ ಇದಕ್ಕೊಂದು ಹೋಲಿಕೆ ಕೊಟ್ಟ. ಹಲಗೆಯ ಮೇಲೆ ಬರೆದ ಭಾವಚಿತ್ರ ಕಲೆ ಹತ್ತಿ ಹಾಳಾಗಿದೆ ಅಂದುಕೊಳ್ಳಿ. ಹಲಗೆಯನ್ನು ಎಸೆಯುವುದಿಲ್ಲ. ಯಾರ ಚಿತ್ರವೋ ಆ ಮನುಷ್ಯನೇ ಮತ್ತೆ ಬಂದು ಕೂರುತ್ತಾನೆ, ಅದೇ ಹಲಗೆಯ ಮೇಲೆ ಚಿತ್ರ ಮತ್ತೆ ಮೂಡುತ್ತದೆ. ಯೇಸು ಬಂದದ್ದು ಇದಕ್ಕೇ ಅನ್ನುವುದು ಅವನ ವಾದ. ಪಾಪದ ಮಾತು ಎಷ್ಟು ದೊಡ್ಡದಾದರೂ ಅದು ಈ ಹಲಗೆಯ ಮೇಲಿನ ಕಲೆಯ ಮಾತೇ.

ಯೇಸು ಹೇಳಿದ ಕಥೆಗಳಿಗೆ ಬಂದರೆ ವಿಷಯ ಇನ್ನೂ ಚುರುಕಾಗುತ್ತದೆ. ಲೂಕನ ಶುಭಸಂದೇಶದ 15ನೇ ಅಧ್ಯಾಯದ ದಾರಿ ತಪ್ಪಿದ ಮಗನ ಕಥೆ ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ಒಂದು ಸಣ್ಣ ವಿವರವನ್ನು ಸುಮ್ನೆ ದಾಟಿ ಹೋಗುವವರೇ ಜಾಸ್ತಿ. ಆಸ್ತಿಯೆಲ್ಲ ಹಾಳು ಮಾಡಿ, ಹಂದಿ ಮೇಯಿಸುವ ಹಂತಕ್ಕೆ ಬಂದ ಮಗ ಮನೆಗೆ ಹೊರಡುವ ಮೊದಲು ಒಂದು ಮಾತು ತಯಾರು ಮಾಡಿಕೊಳ್ಳುತ್ತಾನೆ. ಅದರಲ್ಲಿ ಮೂರು ಭಾಗ. ಅಪ್ಪಾ, ಪಾಪ ಮಾಡಿದ್ದೇನೆ. ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯತೆ ಇಲ್ಲ. ನಿನ್ನ ಕೂಲಿಯಾಳುಗಳಲ್ಲಿ ಒಬ್ಬನ ಹಾಗೆ ಇಟ್ಟುಕೋ. ಬಾಯಿಪಾಠ ಮಾಡಿಕೊಂಡೇ ಬರುತ್ತಾನೆ. ದೂರದಲ್ಲೇ ಕಂಡ ಅಪ್ಪ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಮಗ ಶುರು ಮಾಡುತ್ತಾನೆ. ಮೊದಲ ಮಾತು ಆಯಿತು, ಎರಡನೆಯದೂ ಆಯಿತು. ಮೂರನೆಯದು ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳಿಗೆ "ಬೇಗ ಒಳ್ಳೆ ಬಟ್ಟೆ ತನ್ನಿ" ಅಂತ ಕೂಗುತ್ತಿರುತ್ತಾನೆ. ಕೂಲಿಯ ಪ್ರಸ್ತಾಪಕ್ಕೆ ಆ ಮನೆಯಲ್ಲಿ ಜಾಗವೇ ಸಿಗಲಿಲ್ಲ.

ಇನ್ನು ದೊಡ್ಡ ಮಗ. ಅವನು ಹೊಲದಿಂದ ಬಂದು ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಇಷ್ಟು ವರ್ಷ ಜೀತದವನ ಹಾಗೆ ನಿನಗೆ ದುಡಿದೆ, ನನಗೆ ಒಂದು ಮೇಕೆಮರಿಯನ್ನಾದರೂ ಕೊಟ್ಟೆಯಾ ಅನ್ನುತ್ತಾನೆ. ನೋಡಿ, ಮನೆ ಬಿಟ್ಟು ಹೋದವನೂ ಕೂಲಿ ಲೆಕ್ಕ ಹಾಕುತ್ತಿದ್ದ, ಮನೆಯಲ್ಲೇ ಇದ್ದವನೂ ಕೂಲಿ ಲೆಕ್ಕವನ್ನೇ ಹಾಕುತ್ತಿದ್ದ. ಇಬ್ಬರಿಗೂ ಮಗನಾಗಿರುವುದು ಗೊತ್ತಿರಲಿಲ್ಲ. ನಮ್ಮ ಊರುಗಳಲ್ಲಿ ಈ ದೊಡ್ಡ ಮಗನ ಸಂತತಿಯೇ ದೊಡ್ಡದು. ಸರ್ಕಾರಿ ಕೆಲಸದ ಪಿಎಸ್‌ಸಿ ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು ಬಂತಾ, ದುಬೈಯಿಂದ ಬಂದು ಎರಡು ಮಾಳಿಗೆ ಎತ್ತಿದನಾ, ಮಗಳ ಮದುವೆಗೆ ಎಷ್ಟು ಪವನ್ ಚಿನ್ನ ಹಾಕಿದರು, ಇಗರ್ಜಿ ಹಬ್ಬಕ್ಕೆ ಎಷ್ಟು ವಂತಿಗೆ ಕೊಟ್ಟರು. ದುಡಿದದ್ದಕ್ಕೆ ಸರಿಯಾಗಿ ಮರ್ಯಾದೆ. ಲೆಕ್ಕದಲ್ಲಿ ಹಿಂದೆ ಬಿದ್ದವನು ಮದುವೆ ಮನೆಯಲ್ಲಿ ಹಿಂದಿನ ಸಾಲಿನ ಕುರ್ಚಿ ಹುಡುಕುತ್ತಾನೆ.

ಕೂಲಿಯ ಮಾತು ಇನ್ನೊಂದು ಕಥೆಯಲ್ಲಿ ನೇರವಾಗಿಯೇ ಬರುತ್ತದೆ. ಮತ್ತಾಯನ 20ನೇ ಅಧ್ಯಾಯ. ದ್ರಾಕ್ಷಿ ತೋಟದ ಯಜಮಾನನೊಬ್ಬ ಬೆಳಗಾಗುತ್ತಲೇ ಸಂತೆಗೆ ಹೋಗಿ ಆಳುಗಳನ್ನು ಕರೆಯುತ್ತಾನೆ. ದಿನಕ್ಕೆ ಒಂದು ಬೆಳ್ಳಿ ನಾಣ್ಯ, ಆ ಕಾಲದ ಒಂದು ದಿನದ ಕೂಲಿ. ಒಂಬತ್ತಕ್ಕೆ ಮತ್ತೆ ಹೋಗುತ್ತಾನೆ. ಹನ್ನೆರಡಕ್ಕೆ, ಮೂರಕ್ಕೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗುತ್ತಾನೆ. ಇನ್ನೂ ನಿಂತಿದ್ದವರನ್ನು ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದರೆ ಅವರು ಕೊಡುವ ಉತ್ತರ: ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ. ಕೊನೆಗೆ ಕೂಲಿ ಕೊಡುವಾಗ ಐದು ಗಂಟೆಗೆ ಬಂದವನಿಗೂ ಅದೇ ಒಂದು ನಾಣ್ಯ.

ನಮ್ಮ ಅಡಿಕೆ ಕೃಷಿಕರಿಗೆ ಈ ಕಥೆ ಹೇಳಿ ನೋಡಿ. "ಹೀಗೆ ಮಾಡಿದರೆ ನಾಳೆ ಎಲ್ಲರೂ ಐದು ಗಂಟೆಗೇ ಬರ್ತಾರೆ" ಅನ್ನುತ್ತಾರೆ. ತೋಟ ನಡೆಸುವ ಲೆಕ್ಕದಲ್ಲಿ ಅದು ನೂರಕ್ಕೆ ನೂರು ಸರಿ. ಆದರೆ ಐದು ಗಂಟೆಯವರೆಗೆ ಉಳಿಯುವವರು ಯಾರು? ನಮ್ಮ ಪೇಟೆಗಳಲ್ಲಿ ಬೆಳಿಗ್ಗೆ ಅಸ್ಸಾಂ, ಒಡಿಶಾ, ಜಾರ್ಖಂಡಿನ ಹುಡುಗರು ಕೆಲಸಕ್ಕೆ ಕಾಯುತ್ತಾ ನಿಂತಿರುತ್ತಾರೆ. (ನಾವು ಅವರೆಲ್ಲರನ್ನೂ ಒಟ್ಟಿಗೆ 'ಬಂಗಾಳಿ' ಅಂತ ಕರೆದು ಮುಗಿಸುತ್ತೇವೆ. ಹೆಸರು ಕೇಳುವ ಗೋಜಿಗೂ ಹೋಗುವುದಿಲ್ಲ.) ಜೀಪು ಬಂದರೆ ಮೊದಲು ಹತ್ತಿಸಿಕೊಳ್ಳುವುದು ಗಟ್ಟಿಮುಟ್ಟಾದವರನ್ನು. ಸಣಕಲ, ವಯಸ್ಸಾದವ, ಕಾಲು ಕುಂಟುವವ ಕೊನೆಗೆ ಉಳಿಯುತ್ತಾನೆ. ಅವನಿಗೂ ರಾತ್ರಿ ಒಂದು ದಿನದ ಹಸಿವೇ, ಒಂದು ಗಂಟೆಯ ಹಸಿವಲ್ಲ. ಯಜಮಾನ ಕೊಟ್ಟದ್ದು ಆ ಹಸಿವನ್ನು ನೋಡಿ. ಹಾಗೆಂದು ಬೆಳಿಗ್ಗೆ ಬಂದವನಿಗೆ ಒಂದು ಪೈಸೆಯೂ ಕಡಿಮೆ ಮಾಡಲಿಲ್ಲ. ಹೊಟ್ಟೆ ಉರಿದದ್ದು ಅವನಿಗೆ ಸಮಾನವಾಗಿ ನಿಲ್ಲಬೇಕಾಗಿ ಬಂತಲ್ಲ, ಅದಕ್ಕೆ.

ಈಗ ಮತ್ತೆ ಎಂಡೋಸಲ್ಫಾನಿನ ಕಡೆ ಬರೋಣ. 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೂ ಇಲ್ಲಿಯ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಗುಡ್ಡದ ಮೇಲೆ ಬಿದ್ದ ವಿಷ ಕೆಳಗಿನ ನೀರಿನ ಸುರಂಗಕ್ಕೆ, ತೋಡಿಗೆ, ಬಾವಿಗೆ ಇಳಿಯಿತು. ಅಂಗವೈಕಲ್ಯ, ಬುದ್ಧಿಮಾಂದ್ಯ ಇರುವ ಮಕ್ಕಳು ಒಂದರ ಹಿಂದೆ ಒಂದು ಮನೆಯಲ್ಲಿ ಕಾಣಿಸಿಕೊಂಡರು. ವಿಷದ ಮಾತು ಹೊರಗೆ ಬರುವ ಮೊದಲು ಊರು ಬೇರೆ ಕಾರಣ ಹುಡುಕಿತ್ತು. ದೈವದ ಶಾಪ ಅಂದವರಿದ್ದರು. ಹಿರಿಯರು ಮಾಡಿದ ತಪ್ಪು ಅಂದವರಿದ್ದರು. ಶಾಪದ ಮನೆಯ ಹುಡುಗಿಗೆ ಗಂಡು ಸಿಗುವುದು ಕಷ್ಟ, ಹಾಗಾಗಿ ಮಕ್ಕಳನ್ನು ಒಳಗೇ ಮುಚ್ಚಿಟ್ಟ ಮನೆಗಳೂ ಇದ್ದವು.

ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯ ಶುರುವಾಗುವುದೇ ಇಂಥ ಪ್ರಶ್ನೆಯಿಂದ. ಹುಟ್ಟು ಕುರುಡನೊಬ್ಬನನ್ನು ಕಂಡ ಶಿಷ್ಯರು ಗುರುವಿಗೆ ಕೇಳುತ್ತಾರೆ, ಇವನು ಕುರುಡನಾಗಿ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ ಇವನ ಅಪ್ಪ ಅಮ್ಮನೋ? ಪ್ರಶ್ನೆ ಕೇಳುವ ಧಾಟಿ ನೋಡಿ. ಆ ಮನುಷ್ಯ ಅಲ್ಲೇ ಕೂತಿದ್ದಾನೆ, ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಇವರು ಅವನ ತಲೆಯ ಮೇಲಿನಿಂದ ಚರ್ಚೆ ನಡೆಸುತ್ತಿದ್ದಾರೆ. ಯೇಸು ಇವನೂ ಅಲ್ಲ, ಅಪ್ಪ ಅಮ್ಮನೂ ಅಲ್ಲ ಅಂದ. ನೆಲಕ್ಕೆ ಬಗ್ಗಿ, ಉಗುಳಿನಿಂದ ಮಣ್ಣು ಕಲಸಿ, ಅವನ ಕಣ್ಣಿಗೆ ಹಚ್ಚಿದ. ಚರ್ಚೆಯ ವಸ್ತುವಾಗಿದ್ದವನನ್ನು ಮುಟ್ಟಿದ. ಕಥೆ ಮುಂದೆ ಹೋದ ಹಾಗೆ ಊರವರು ಅವನನ್ನು ವಿಚಾರಣೆ ಮಾಡುತ್ತಾರೆ, ಹೊರಗೆ ಹಾಕುತ್ತಾರೆ. ಹೊರಗೆ ಹಾಕಿದ ಸುದ್ದಿ ಕೇಳಿ ಯೇಸು ಅವನನ್ನು ಹುಡುಕಿಕೊಂಡು ಹೋಗುತ್ತಾನೆ.

ಆದರೆ ಆ ಕುರುಡನಿಗೆ ಕಣ್ಣು ಬಂತು. ಎಂಡೋಸಲ್ಫಾನ್ ಬಿದ್ದ ನಮ್ಮ ಪಡ್ರೆಯ ಮಕ್ಕಳಿಗೆ ಗುಣವಾಗಲಿಲ್ಲ. ಪ್ರಾರ್ಥನೆ ಮಾಡಿದರೆ ಎದ್ದು ನಡೆಯುತ್ತಾರೆ ಎಂದು ಮನೆಮನೆಗೆ ಹೋಗಿ ಆಸೆ ಹುಟ್ಟಿಸುವುದು ಕ್ರೌರ್ಯ ಅನ್ನುವುದು ನನ್ನ ಅಭಿಪ್ರಾಯ. ಗುಣವಾಗದ ದೇಹದ ಬಗ್ಗೆ ಶುಭಸಂದೇಶದಲ್ಲಿ ಬೇರೆಯೇ ಒಂದು ಜಾಗವಿದೆ. ಪುನರುತ್ಥಾನವಾದ ಯೇಸು ತನ್ನ ಶಿಷ್ಯ ತೋಮನಿಗೆ ತೋರಿಸುವುದು ಏನನ್ನು? ಮೊಳೆ ಹೊಡೆದ ಕೈಯನ್ನು, ಈಟಿ ಇರಿದ ಪಕ್ಕೆಯನ್ನು. ಸಾವನ್ನು ಗೆದ್ದ ದೇಹದಲ್ಲೂ ಗಾಯದ ಗುರುತು ಉಳಿದಿದೆ. ಕೇರಳದ ಕ್ರೈಸ್ತರು ತಮ್ಮ ಮೂಲ ಹೇಳಿಕೊಳ್ಳುವುದೇ ಈ ತೋಮನಿಂದ. ಅವನು 52ನೇ ಇಸವಿಯಲ್ಲಿ ಇಲ್ಲಿಗೆ ಬಂದ ಅನ್ನುವುದು ಪರಂಪರೆಯ ಮಾತು. ಆ ತೋಮ ಮುಟ್ಟಲು ಕೇಳಿದ್ದು ಗಾಯವನ್ನೇ. ಅಂಗವಿಕಲರ ಕಡೆಯಿಂದ ಯೋಚಿಸುವ ದೈವಶಾಸ್ತ್ರಜ್ಞರು ಈ ಪ್ರಸಂಗಕ್ಕೆ ಮತ್ತೆ ಮತ್ತೆ ಬರುತ್ತಾರೆ. ಊನವಿಲ್ಲದ ದೇಹವೇ ದೇವರಿಗೆ ಹತ್ತಿರ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಶಿಲುಬೆಯ ಬಗ್ಗೆಯೂ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಈಗ ಅದು ಚಿನ್ನದ ಸರದಲ್ಲಿ ತೂಗುತ್ತದೆ. ರೋಮನ್ನರ ಕಾಲದಲ್ಲಿ ಅದು ಗುಲಾಮರಿಗೆ, ದಂಗೆಕೋರರಿಗೆ ಇದ್ದ ಶಿಕ್ಷೆ. ಬೆಲೆ ಇಲ್ಲದವರನ್ನು ಎಲ್ಲರ ಕಣ್ಣೆದುರು ಇನ್ನಷ್ಟು ಬೆಲೆ ಇಲ್ಲದವರನ್ನಾಗಿ ಮಾಡುವ ಉಪಾಯ. ದೇವರ ಮಗ ಸತ್ತದ್ದು ಆ ಸಾಲಿನಲ್ಲಿ ಅನ್ನುವುದು ಕ್ರೈಸ್ತರ ನಂಬಿಕೆ. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಕಾವ್ಯ ಮಾಡಿದರು. ಆ ಸಾವು ಬರೀ ಒಂದು ಮತದವರ ಆಸ್ತಿಯಲ್ಲ ಅಂತ ನಮ್ಮ ನೆರೆಯವರಿಗೇ ಮೊದಲು ಗೊತ್ತಾಗಿತ್ತು.

ಮಾತಿನಲ್ಲಿ ಹೇಳಿದ್ದನ್ನು ಇಗರ್ಜಿ ಕೈಯಲ್ಲಿ ಮಾಡಿ ತೋರಿಸುವ ಎರಡು ಸಂದರ್ಭಗಳಿವೆ. ಒಂದು ಜ್ಞಾನಸ್ನಾನ. ಮಗು ಇನ್ನೂ ಕತ್ತು ನಿಲ್ಲದ ಕೂಸು. ಏನೂ ಕಲಿತಿಲ್ಲ, ಏನೂ ಒಪ್ಪಿಲ್ಲ. ಹೆಸರು ಹಿಡಿದು ಕರೆದು ತಲೆಗೆ ನೀರು ಹಾಕಿ ಕುಟುಂಬಕ್ಕೆ ಸೇರಿಸುತ್ತಾರೆ. (ಪೆಂತೆಕೋಸ್ತ್ ಮತ್ತು ಇನ್ನು ಕೆಲವು ಸಭೆಗಳವರು ದೊಡ್ಡವರಾದ ಮೇಲೆ, ನಂಬಿಕೆ ಹೇಳಿಕೊಂಡವರಿಗೆ ಮಾತ್ರ ಕೊಡುತ್ತಾರೆ. ಅವರ ವಾದವೂ ಹಗುರವಲ್ಲ.) ಎರಡನೆಯದು ಕಾಯಿಲೆಯವರಿಗೆ ಮನೆಗೇ ತರುವ ಪರಮಪ್ರಸಾದ. ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ. ವಾಡೆಯ ಗುರ್ಕಾರರು (ವಾರ್ಡಿನ ಮುಖಂಡರು) ಮೊದಲೇ ತಿಳಿಸಿರುತ್ತಾರೆ. ಮನೆಯವರು ಸಣ್ಣ ಮೇಜಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು, ಮೇಣದ ಬತ್ತಿ ಹಚ್ಚಿ, ಒಂದು ಲೋಟ ನೀರು ಇಟ್ಟಿರುತ್ತಾರೆ. ಫಾದರ್ ಬಂದರೆ ಮಾತು ನಿಲ್ಲುತ್ತದೆ. ನುಂಗಲು ಆಗದವರಿಗೆ ಉಗುರಿನಷ್ಟು ಚೂರು, ಹಿಂದೆಯೇ ಒಂದು ಚಮಚ ನೀರು. ಭಾನುವಾರ ಮೊದಲ ಬೆಂಚಿನಲ್ಲಿ ಕೂರುವ ಡಾಕ್ಟರಿಗೆ ಸಿಗುವುದೂ ಅದೇ. ಬುದ್ಧಿ ಬೆಳೆಯದವರಿಗೆ "ಅರ್ಥ ಆಗುವುದಿಲ್ಲವಲ್ಲ" ಅಂತ ಹೇಳಿ ಕೊಡದೆ ಹೋದ ಪಾದ್ರಿಗಳೂ ಇದ್ದಾರೆ. ನಮಗೆಲ್ಲ ಪೂರ್ತಿ ಅರ್ಥ ಆಗಿದೆಯಾ ಅಂತ ಅವರನ್ನು ಕೇಳಬೇಕು.

ಇಷ್ಟೆಲ್ಲ ಹೇಳುವ ಕ್ರೈಸ್ತ ಸಭೆ ಹಾಗೇ ನಡೆದುಕೊಂಡಿತೇ ಅಂದರೆ, ಇಲ್ಲ. 4ನೇ ಶತಮಾನದಲ್ಲಿ, ಇಂದಿನ ಟರ್ಕಿಯ ನೆಲದಲ್ಲಿ, ನಿಸ್ಸಾದ ಗ್ರೆಗರಿ ಎಂಬ ಬಿಷಪ್ ಗುಲಾಮರ ಒಡೆಯರನ್ನು ಪ್ರಸಂಗದಲ್ಲೇ ತರಾಟೆಗೆ ತೆಗೆದುಕೊಂಡಿದ್ದ. ದೇವರ ಸ್ವರೂಪಕ್ಕೆ ಎಷ್ಟು ಕಾಸು ಕೊಟ್ಟು ಕೊಂಡಿರಿ ಎಂಬುದು ಅವನ ಪ್ರಶ್ನೆಯ ತಿರುಳು. ಅದಾದ ಮೇಲೂ ಸಾವಿರಕ್ಕೂ ಜಾಸ್ತಿ ವರ್ಷ ಕ್ರೈಸ್ತರು ಗುಲಾಮರನ್ನು ಇಟ್ಟುಕೊಂಡರು, ಮಾರಿದರು. ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮಣ್, ಚಾರ್ಡಿ, ಸುದಿರ್ ಅನ್ನುವ ಜಾತಿ ಲೆಕ್ಕ ಮದುವೆಯ ಮಾತು ಬಂದಾಗ ಇವತ್ತಿಗೂ ತಲೆ ಎತ್ತುತ್ತದೆ. 1890ರ ಬೇಳ ಇಗರ್ಜಿಯ ಎತ್ತರದ ಗೋಡೆಗಳ ಒಳಗೆ ಎಲ್ಲರೂ ಒಂದೇ ಸಾಲಿನಲ್ಲಿ ಪ್ರಸಾದ ತೆಗೆದುಕೊಂಡು, ಹೊರಗೆ ಬಂದ ಮೇಲೆ ಯಾರ ಮನೆಯವರು ಅಂತ ವಿಚಾರಿಸುವವರು ನಾವೇ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜಾತಿಯ ವಿಷಯದಲ್ಲಿ ಬಿಗಿಯಾಗಿದ್ದರು. ಸಭೆಗೆ ಬಂದರೆ ಜಾತಿ ಬಿಟ್ಟು ಬರಬೇಕು. ಹಾಗೆ ಬಂದವರಿಗೆ ಮನೆ ಹೋಯಿತು, ಗೇಣಿ ಹೋಯಿತು, ಕುಲಕಸುಬೂ ಹೋಯಿತು. ಅವರ ಹೊಟ್ಟೆಪಾಡಿಗೆ ನೇಯ್ಗೆ ಶುರುವಾಯಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ದೇವರ ಮುಂದೆ ಎಲ್ಲರೂ ಸಮ ಅನ್ನುವ ಬೋಧನೆಗೆ ಉದ್ಯೋಗದ ಗಂಟು ಬಿದ್ದದ್ದು ಹೀಗೆ. ಇದರಲ್ಲಿ ಒಂದು ತಮಾಷೆಯೂ ಇದೆ. ಬೆಲೆ ದುಡಿಮೆಯಿಂದ ಬರುವುದಿಲ್ಲ ಎಂದು ಸಾರಿದವರೇ ಗಂಟೆ ಬಾರಿಸಿ ಆಳು ಲೆಕ್ಕ ಮಾಡುವ ಕಾರ್ಖಾನೆ ನಡೆಸಬೇಕಾಯಿತು. ಅವರನ್ನು ದೂರುತ್ತಿಲ್ಲ. ಕೂಲಿ ಲೆಕ್ಕದಿಂದ ಪೂರ್ತಿ ಹೊರಗೆ ನಿಲ್ಲುವುದು ಯಾರಿಗೂ ಸುಲಭವಲ್ಲ.

ಕಾಸರಗೋಡಿನ ಕನ್ನಡಿಗರಿಗೆ ಬೆಲೆಯ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ನಂತರ ನಾವು ಇಲ್ಲಿ ಭಾಷೆಯ ಅಲ್ಪಸಂಖ್ಯಾತರು. ಆಫೀಸಿನ ಕೌಂಟರಿನಲ್ಲಿ ಕನ್ನಡದಲ್ಲಿ ಅರ್ಜಿ ಕೊಟ್ಟು ಎದುರಿನವರ ಮುಖ ನೋಡಿದವರಿಗೆ ಆ ಅನುಭವ ಗೊತ್ತು. ಕ್ರಿಸ್ತನಲ್ಲಿ ಯೆಹೂದ್ಯ, ಗ್ರೀಕ ಎಂಬ ಭೇದವಿಲ್ಲ ಎಂದು ಪೌಲ ಗಲಾತ್ಯದವರಿಗೆ ಬರೆದ. ಹಾಗಾದರೆ ಭಾಷೆ ಬಿಟ್ಟುಬಿಡಿ ಅಂತಲೇ? ಅದಕ್ಕೆ ಪ್ರೇಷಿತರ ಕಾರ್ಯಗಳ 2ನೇ ಅಧ್ಯಾಯ ನೋಡಬೇಕು. ಪೆಂತೆಕೋಸ್ತ್ ದಿನ ಜೆರುಸಲೇಮಿನಲ್ಲಿ ಸೇರಿದ್ದ ನಾನಾ ದೇಶದವರು ಒಂದು ಹೊಸ ಭಾಷೆಯನ್ನು ಕಲಿಯಲಿಲ್ಲ. ಒಬ್ಬೊಬ್ಬನಿಗೂ ಅವನ ತಾಯಿನುಡಿಯಲ್ಲೇ ಕೇಳಿಸಿತು. ಸಮಾನತೆ ಅಂದರೆ ಎಲ್ಲರನ್ನೂ ಒಂದೇ ಅಚ್ಚಿಗೆ ಹೊಯ್ಯುವುದಲ್ಲ ಅಂತ ಸಪ್ತಭಾಷೆಯ ಈ ಊರಿನವರಿಗೆ ಜಾಸ್ತಿ ವಿವರಿಸಬೇಕಿಲ್ಲ ಅಲ್ವಾ.

ದೇವರೇ ಇಲ್ಲದೆ ಇದನ್ನೆಲ್ಲ ಹೇಳಲು ಆಗುವುದಿಲ್ಲವೇ? ಆಗುತ್ತದೆ. ಸಂವಿಧಾನದ ಪೀಠಿಕೆ ವ್ಯಕ್ತಿ ಗೌರವದ ಮಾತಾಡುವಾಗ ಯಾವ ದೇವರನ್ನೂ ಸಾಕ್ಷಿಗೆ ಕರೆದಿಲ್ಲ. ಕೇರಳದಲ್ಲಿ ನಾರಾಯಣ ಗುರುಗಳು ಬೇರೆ ಬೇರಿನಿಂದ ಇದೇ ಫಲ ಬೆಳೆಸಿದರು. ಎಂಡೋಸಲ್ಫಾನ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು ಎಡಪಕ್ಷದ ಯುವ ಸಂಘಟನೆ ಡಿವೈಎಫ್‌ಐ. ಅವರಿಗೆ ಆದಿಕಾಂಡ ಬೇಕಾಗಿರಲಿಲ್ಲ. ಮತ್ತಾಯನ 25ನೇ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ದಿನ ಕೇಳುವ ಪ್ರಶ್ನೆಗಳಲ್ಲೂ ನಂಬಿಕೆಯ ಪ್ರಶ್ನೆ ಒಂದೂ ಇಲ್ಲ. ಹಸಿದವನಿಗೆ ಊಟ ಕೊಟ್ಟಿರಾ, ಕಾಯಿಲೆಯವನನ್ನು ನೋಡಿಕೊಂಡಿರಾ, ಅಷ್ಟೇ. ನಂಬುವವನಿಗೆ ಸಿಗುವ ವ್ಯತ್ಯಾಸ ಒಂದಿದೆ. ಕಾನೂನು ಕೊಟ್ಟ ಬೆಲೆಯನ್ನು ಇನ್ನೊಂದು ಕಾನೂನು ಹಿಂದೆ ತೆಗೆದುಕೊಳ್ಳಬಹುದು. ಪ್ರೀತಿಸುವ ತಾಯಿ ಒಂದು ದಿನ ಹೋಗಬಹುದು. ದೇವರು ಕೊಟ್ಟದ್ದನ್ನು ಯಾರೂ ಕಿತ್ತುಕೊಳ್ಳುವ ಹಾಗಿಲ್ಲ ಎಂಬ ಧೈರ್ಯ ಅವನದು.

ಆ ಧೈರ್ಯ ಇದ್ದವರು ಮಾಡಬೇಕಾದ ಕೆಲಸ ಬಾಕಿ ಇದೆ. ಆ ಮಕ್ಕಳೀಗ ಮಕ್ಕಳಲ್ಲ, ಅಪ್ಪ ಅಮ್ಮಂದಿರಿಗೂ ವಯಸ್ಸಾಗಿದೆ. ಎತ್ತಿ ಇಗರ್ಜಿಗೆ ತರುವುದು ಈಗ ಒಬ್ಬರ ಕೈಲಿ ಆಗುವ ಕೆಲಸವಲ್ಲ, ನಮ್ಮ ಎಷ್ಟೋ ಇಗರ್ಜಿಗಳ ಮುಂದೆ ಮೆಟ್ಟಿಲೇ ಇದೆ. ಪಾರ್ಶ್ವವಾಯು ಬಡಿದವನೊಬ್ಬನನ್ನು ಗೆಳೆಯರು ಮಂಚದ ಸಮೇತ ಯೇಸುವಿನ ಹತ್ತಿರ ತಂದಾಗ ಬಾಗಿಲಲ್ಲಿ ಜನ ತುಂಬಿದ್ದರಂತೆ. ಅವ್ರು ಮಾಡಿನ ಮೇಲೆ ಹತ್ತಿ, ಹಂಚು ತೆಗೆದು, ಅವನನ್ನು ನಡುಮನೆಗೆ ಇಳಿಸಿದರು ಅಂತ ಲೂಕ ಬರೆದಿದ್ದಾನೆ. ನಾವು ಹಂಚು ತೆಗೆಯುವುದೂ ಬೇಡ. ಹಬ್ಬದ ಲೈಟಿಂಗಿಗೆ ಎತ್ತುವ ದುಡ್ಡಿನಲ್ಲಿ ಸ್ವಲ್ಪ ತೆಗೆದಿಟ್ಟರೆ ಪಕ್ಕದ ಬಾಗಿಲಿಗೆ ಒಂದು ರ‍್ಯಾಂಪ್ ಆಗುತ್ತದೆ.